ಬೈಬಲ್ಲಿಗೊಂದು ಪಾಟೀಸವಾಲು

ವಕೀಲನ ಮನೆಯಲ್ಲಿ ದೇವರೂ ಸ್ವಲ್ಪ ಹುಷಾರಾಗಿರಬೇಕಾಗುತ್ತದೆ. ಯಾರು ಏನೇ ಹೇಳಲಿ, ‘ಸಾಕ್ಷಿ ಏನು?’ ಎಂದು ಕೇಳುವುದು ನಮ್ಮ ಕಸುಬಿನ ಚಟ. ಸಂಜೆ ಕರಿಕೋಟಿನ ಜೊತೆಗೆ ಅದನ್ನೂ ಕಳಚಿ ಮೊಳೆಗೆ ನೇತುಹಾಕುವ ಬುದ್ಧಿವಂತರಿದ್ದಾರೆ. ನನಗೆ ಅದು ಚರ್ಮಕ್ಕೇ ಅಂಟಿಕೊಂಡಿದೆ. ಹಾಲು ಉಕ್ಕಿ ಹೋಯಿತೆಂದು ಹೆಂಡತಿ ನಾಗರತ್ನ ಕೂಗಿದರೆ, ‘ಕಣ್ಣಾರೆ ಕಂಡೆಯೋ, ವಾಸನೆಯಿಂದ ಊಹಿಸಿದೆಯೋ?’ ಎಂದು ಕೇಳಿ, ಒಲೆ ಒರೆಸುವ ಬಟ್ಟೆಯ ಏಟನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡವನು ನಾನು. ಇಂಥ ಮನುಷ್ಯನ ಕೈಗೆ ಯಾರಾದರೂ ಬೈಬಲ್ ಕೊಡುತ್ತಾರೆಯೇ? ವರ್ಗೀಸ್ ಕೊಟ್ಟ.

ವರ್ಗೀಸ್ ಎಂದರೆ ಗುಂಡ್ಲುಪೇಟೆ ಬಸ್ ನಿಲ್ದಾಣದ ಬಳಿ ಬೇಕರಿ ಇಟ್ಟಿದ್ದ ಮಲಯಾಳಿ. ಅವನಪ್ಪ ಕೇರಳದ ಬತ್ತೇರಿ ಕಡೆಯಿಂದ ಬಂದು ಇಲ್ಲೇ ನೆಲೆ ನಿಂತವನು. ಹಾಗಾಗಿ ವರ್ಗೀಸನ ಕನ್ನಡ ನಮ್ಮೂರಿನದೇ, ಆದರೆ ‘ಸಾರೇ’ ಅನ್ನುವ ಆ ಒಂದು ರಾಗ ಮಾತ್ರ ಇನ್ನೂ ಬತ್ತೇರಿಯದೇ ಆಗಿತ್ತು. ಚಾಮರಾಜನಗರದ ಜಿಲ್ಲಾ ಕೋರ್ಟಿಗೆ ಹೋಗಿ ಬಂದ ದಿನಗಳಲ್ಲಿ ಬಸ್ಸಿಳಿದ ಕೂಡಲೇ ನನ್ನ ಕಾಲು ತಾನಾಗಿಯೇ ಅವನ ಅಂಗಡಿಗೆ ನಡೆಯುತ್ತಿತ್ತು. ಒಂದು ಸಂಜೆ ನಾನು ಬದುವಿನ ತಗಾದೆಯೊಂದರಲ್ಲಿ ಸೋತು ಬಂದಿದ್ದೆ. ‘ವಾದ ಚೆನ್ನಾಗಿದೆ, ಸಾಕ್ಷಿ ಸಾಲದು’ ಎಂದು ನ್ಯಾಯಾಧೀಶರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ನನ್ನ ಮುಖ ನೋಡಿ ವರ್ಗೀಸ್ ಖಾರಾ ಬನ್ನು ಮುಂದಿಟ್ಟು, “ಬೇಜಾರು ಮಾಡ್ಕೋಬೇಡಿ ಸಾರೇ, ಕೊನೆಗೆ ಸತ್ಯವೇ ಉಳಿಯೋದು. ಬೈಬಲಲ್ಲೇ ಬರೆದಿದೆ” ಎಂದ.

“ಬೈಬಲಲ್ಲಿ ಬರೆದದ್ದು ಸತ್ಯ ಅನ್ನೋದಕ್ಕೆ ಸಾಕ್ಷಿ ಏನು?” ಎಂದೆ. ಬನ್ನು ಬಾಯಲ್ಲಿತ್ತು. ಆದರೂ ಪ್ರಶ್ನೆ ಸ್ಪಷ್ಟವಾಗಿಯೇ ಬಂತು.

ವರ್ಗೀಸ್ ಸಿಟ್ಟಾಗಲಿಲ್ಲ. ಗಲ್ಲಾದ ಕೆಳಗಿನಿಂದ ಕಪ್ಪು ರಟ್ಟಿನ, ಅಂಚಿಗೆ ಕೆಂಪು ಬಳಿದ ದಪ್ಪ ಕನ್ನಡ ಬೈಬಲ್ ತೆಗೆದು, ಬ್ರೆಡ್ಡಿನ ಪುಡಿ ಒರೆಸಿ ಕೊಟ್ಟ. “ನೀವೇ ಓದಿ ಹೇಳಿ ಸಾರೇ. ನಂಗೆ ಓವನ್ ಬಿಟ್ಟು ಕೂತು ಓದೋಕೆ ಎಲ್ಲಿ ಪುರಸೊತ್ತು? ನಂದು ಬರೀ ನಂಬಿಕೆ.”

ನಂಬುವವನಿಗೆ ಓದಲು ಪುರಸೊತ್ತಿಲ್ಲ, ಓದುವವನಿಗೆ ನಂಬಲು ಮನಸ್ಸಿಲ್ಲ. ಹೀಗೆ ಕೇಸು ದಾಖಲಾಯಿತು.

ಮೊದಲ ಪುಟದಲ್ಲೇ ನನ್ನ ಹುಬ್ಬು ಮೇಲೇರಿತು. ಸೂರ್ಯ ಹುಟ್ಟುವುದು ನಾಲ್ಕನೆಯ ದಿನ. ಹಾಗಾದರೆ ಮೊದಲ ಮೂರು ದಿನಗಳ ಸಂಜೆ, ಬೆಳಗು ಆದದ್ದು ಹೇಗೆ? ಸರ್ಪ ಮಾತಾಡುತ್ತದೆ, ಆದರೆ ಅದರ ಹೇಳಿಕೆಯನ್ನು ಪಡೆಯದೆಯೇ ಶಿಕ್ಷೆ! ಇದು ಯಾವ ಮೇಲ್ಮನವಿಯಲ್ಲೂ ನಿಲ್ಲುವುದಿಲ್ಲ. ಪ್ರಳಯದಲ್ಲಿ ತೇಲಿದ ನೋಹನ ನಾವೆಯ ವಿಷಯಕ್ಕೆ ಬಂದಾಗಲಂತೂ ನಾನು ಬೇಕರಿಯ ಬೆಂಚಿನ ಮೇಲೆ ಹೆಚ್ಚುಕಡಿಮೆ ನಿಂತೇ ಬಿಟ್ಟೆ. “ವರ್ಗೀಸ್, ಬಂಡೀಪುರದ ಮಗ್ಗುಲಲ್ಲಿ ಬದುಕೋ ನಾವು ಇದನ್ನ ಒಪ್ಪೋಕಾಗುತ್ತಾ? ಒಂದು ಆನೆ ಹೊಲಕ್ಕೆ ನುಗ್ಗಿದ್ರೆ ಇಡೀ ಇಲಾಖೆ ಪಟಾಕಿ ಹಿಡಿದು ಓಡುತ್ತೆ. ಆ ಮುದುಕ ಜೋಡಿ ಆನೆ, ಜೋಡಿ ಹುಲಿ, ಜೋಡಿ ಜಿಂಕೆ ಎಲ್ಲಾನೂ ಒಂದೇ ದೋಣೀಲಿ ಹಾಕ್ಕೊಂಡು ಹೋದ್ನಂತೆ. ಹುಲಿ ಏನು ತಿಂತು? ಸಗಣಿ ಬಾಚಿದ್ದು ಯಾರು?”

“ಸೊಸೆಯಂದಿರು ಇದ್ರಲ್ಲ ಸಾರೇ” ಎಂದ ವರ್ಗೀಸ್, ಪಫ್ಸಿನ ಟ್ರೇ ಹೊರಗೆಳೆಯುತ್ತ.

ನನ್ನ ಕಕ್ಷಿಯ ವಿರುದ್ಧ ನಾನೇ ವಾದಿಸಬಾರದು, ಆದರೂ ಹೇಳುತ್ತೇನೆ: ಎದುರು ಪಕ್ಷದಲ್ಲೂ ಹುರುಳಿತ್ತು. ಮಣ್ಣು ಅಗೆದವರಿಗೆ ಆ ಪುಸ್ತಕದಲ್ಲಿರುವ ಊರುಗಳು ಸಿಕ್ಕಿವೆ, ರಾಜರ ಹೆಸರುಗಳು ಕಲ್ಲಿನ ಮೇಲೆ ಸಿಕ್ಕಿವೆ ಎಂದು ಎಲ್ಲೋ ಓದಿದ್ದೆ. ಅದನ್ನು ಹೇಳಿದಾಗ ವರ್ಗೀಸನ ಮುಖ ಅರಳಿತು. ನಾನು ತಕ್ಷಣ ಬಾಡಿಸಿದೆ. “ಊರು ಇತ್ತು ಅಂದ ಮಾತ್ರಕ್ಕೆ ಆ ಊರಲ್ಲಿ ನಡೀತು ಅಂದಿದ್ದೆಲ್ಲ ನಿಜವಾ? ಗುಂಡ್ಲುಪೇಟೆ ಇದೆ. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಲ್ಲಿ ಹೇಳೋದೆಲ್ಲ ನಿಜ ಅಂತ ಪ್ರಮಾಣ ಮಾಡ್ತೀಯಾ?”

ವರ್ಗೀಸ್ ಸ್ವಲ್ಪ ಯೋಚಿಸಿ, “ನಿಮ್ಮ ಗೋಪಾಲಸ್ವಾಮಿ ಬೆಟ್ಟದ ಮಹಿಮೆಗೆ ಸಾಕ್ಷಿ ಕೇಳಿದ್ದೀರಾ ಸಾರೇ?” ಎಂದ.

“ಆ ಫೈಲು ಇನ್ನೂ ತೆರೆದಿಲ್ಲ” ಎಂದು ಹೇಳಿ ಮನೆಗೆ ನಡೆದೆ.

ನಿಜವಾಗಿ ನಾನು ಸಿಕ್ಕಿಬಿದ್ದದ್ದು ಸಮಾಧಿಯ ಬಾಗಿಲಲ್ಲಿ. ಸತ್ತ ಮೂರನೆಯ ದಿನ ಯೇಸುವಿನ ಸಮಾಧಿ ಬರಿದಾಗಿತ್ತೆಂದು ಅವನ ಚರಿತ್ರೆ ಬರೆದ ನಾಲ್ವರೂ ಹೇಳುತ್ತಾರೆ. ಅಲ್ಲಿ ಒಬ್ಬ ದೇವದೂತನಿದ್ದ ಎಂದು ಒಬ್ಬ, ಇಬ್ಬರಿದ್ದರು ಎಂದು ಇನ್ನೊಬ್ಬ. ಸಮಾಧಿ ನೋಡಲು ಹೋದ ಹೆಂಗಸರು ಯಾರುಯಾರು ಎನ್ನುವುದರಲ್ಲೂ ಒಮ್ಮತವಿಲ್ಲ. ಸಿಕ್ಕಿತಲ್ಲ ವಿರೋಧಾಭಾಸ ಎಂದು ಕುಣಿಯಬೇಕಿತ್ತು. ಆದರೆ ಅನುಭವ ಕಾಲಿಗೆ ತೊಡರಿತು. ನಾಲ್ಕು ಸಾಕ್ಷಿಗಳು ಅಕ್ಷರ ಬಿಡದೆ ಒಂದೇ ಮಾತು ಹೇಳಿದರೆ ಅದು ವಕೀಲ ಹೇಳಿಕೊಟ್ಟ ಪಾಠ ಎಂದು ಯಾವ ನ್ಯಾಯಾಧೀಶರಿಗೂ ಗೊತ್ತು. ಹೇಳಿಕೊಟ್ಟವನಿಗಂತೂ ಇನ್ನೂ ಚೆನ್ನಾಗಿ ಗೊತ್ತು. ನಿಜವಾಗಿ ಕಂಡವರ ಮಾತು ಅಲ್ಲಿ ಇಲ್ಲಿ ಓಲಾಡುತ್ತದೆ. ಇದನ್ನು ಊಟಕ್ಕೆ ಕೂತಾಗ ನಾಗರತ್ನಳಿಗೂ ಉತ್ಸಾಹದಿಂದ ವಿವರಿಸಿದೆ. ಅವಳು ನನ್ನನ್ನು, ಪಕ್ಕದಲ್ಲಿದ್ದ ಕಪ್ಪು ಪುಸ್ತಕವನ್ನು, ಮತ್ತೆ ನನ್ನನ್ನು ನೋಡಿದಳು. ಆ ನೋಟದ ಅರ್ಥ ನನಗಾಗ ಹೊಳೆಯಲಿಲ್ಲ.

ಹೊಳೆದದ್ದು ಮುಂದಿನ ಭಾನುವಾರ. ನಾದಿನಿ ಶೋಭಾಳಿಗೆ ಉಮ್ಮತ್ತೂರಿನ ಒಂದು ಮನೆಯಿಂದ ಸಂಬಂಧ ಕೂಡಿಬಂದಿತ್ತು. ಹುಡುಗ ಚಾಮರಾಜನಗರದಲ್ಲಿ ಸರ್ಕಾರಿ ಕೆಲಸದಲ್ಲಿದ್ದ, ಶೋಭಾಳಿಗೂ ಮನಸ್ಸಿತ್ತು. ಅಂದು ಬೆಳಗ್ಗೆ ನನ್ನ ಮನೆ ಮುಂದೆ ಜೀಪು ನಿಂತಿತು. ಹರವೆಯಲ್ಲಿ ಅರಿಶಿನ ಬೆಳೆಯುವ ನನ್ನ ಮಾವ ಮಾದಪ್ಪನವರು ಇಳಿದರು. ಅವರ ಹಿಂದೆ ಕೋಲೂರಿಕೊಂಡು ಇಳಿದವರು ಹುಡುಗನ ಅಜ್ಜಿ ದೊಡ್ಡತಾಯಮ್ಮ. ಆ ಮನೆಯಲ್ಲಿ ಅವರು ಹೂಂ ಅಂದರೆ ಮದುವೆ, ಊಹೂಂ ಅಂದರೆ ಇಲ್ಲ. ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟಿದ್ದರಂತೆ, ದಾರಿಯಲ್ಲಿ ನಮ್ಮನ್ನೂ ಕಂಡು ಹೋಗಲು ಬಂದರಂತೆ. ಆದರೆ ಮಾವನ ಮುಖ ಬೆಟ್ಟ ಹತ್ತುವವರ ಮುಖವಾಗಿರಲಿಲ್ಲ.

ನನ್ನನ್ನು ಮೂಲೆಗೆ ಕರೆದರು. “ಏನ್ ಅಳಿಯಂದ್ರೆ, ಇಂಗ್ ಮಾಡ್ಬುಟ್ರಿ? ನೀವು ಕಿರಸ್ತಾನ್ರಾಗೋದ್ರಿ ಅಂತ ಉಮ್ಮತ್ತೂರ್ ಗಂಟ ಸುದ್ದಿ. ಅಜ್ಜಿ ಸಂಬಂದ ಬ್ಯಾಡ ಅಂತ ಕೂತವ್ರೆ. ಶೋಭ ಮೂರೊತ್ತೂ ಅಳ್ತಾವ್ಳೆ.”

ನಾನು ನಕ್ಕೆ. ನಗು ನನ್ನೊಬ್ಬನದೇ ಆಯಿತು. “ಯಾರು ಹೇಳಿದ್ದು? ಸಾಕ್ಷಿ ಏನು?”

ಮಾವ ಸಾಕ್ಷಿಗಳನ್ನು ಸಾಲಾಗಿ ನಿಲ್ಲಿಸಿದರು. ನಾನು ಬೈಬಲ್ ಬಗಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದನ್ನು ಅವರ ಊರಿನವನೊಬ್ಬ ಕಂಡಿದ್ದ. ಚರ್ಚಿನ ಗೇಟಿನಲ್ಲಿ ನಿಂತದ್ದನ್ನು ಇನ್ನೊಬ್ಬ. (ಮಳೆ ಬರುತ್ತಿತ್ತು, ಅಲ್ಲಿ ಮರವಿತ್ತು.) ಜಗಲಿಯ ಮೇಲೆ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದುದನ್ನು ಎದುರುಮನೆಯಾಕೆ ಕಂಡಿದ್ದರು. (ಪೆನ್ನಿನ ಕ್ಯಾಪು ಕುರ್ಚಿಯಡಿಗೆ ಉರುಳಿತ್ತು.) ನನ್ನ ಹೊಸ ಹೆಸರು ಸ್ಯಾಮ್ಯುಯೆಲ್ ಎಂದು ಕೆಲವರು, ಡೇನಿಯಲ್ ಎಂದು ಕೆಲವರು.

“ನೋಡಿದ್ರಾ? ಹೆಸರಲ್ಲೇ ಒಮ್ಮತವಿಲ್ಲ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ ಅಂದ ಮೇಲೆ ಇದು ಶುದ್ಧ ಸುಳ್ಳು!” ಎಂದು ಗುಡುಗಿದೆ.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನಾಗರತ್ನ, “ಸಾಕ್ಷಿಗಳ ಮಾತು ಓಲಾಡಿದ್ರೆ ಅದೇ ನಿಜ ಅಂತ ನೀವೇ ಮೊನ್ನೆ ಹೇಳಿದ್ರಲ್ಲ?” ಎಂದಳು.

ಇಂಥ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ವರ್ಗೀಸ್ ಪ್ರತ್ಯಕ್ಷನಾದ. ಚರ್ಚು ಮುಗಿಸಿ ಬಂದಿದ್ದ, ಬಿಳಿ ಅಂಗಿ, ಕೊರಳಲ್ಲಿ ಶಿಲುಬೆ, ಕೈಯಲ್ಲಿ ನನಗೆಂದೇ ತಂದ ಕೇಕು. “ಸಾರೇ, ಎಲ್ಲೀವರೆಗೂ ಬಂತು ನಮ್ಮ ಓದು?” ಎಂದು ತುಂಬು ಮನಸ್ಸಿನಿಂದ ಕೇಳಿದ. ಮಾವ ತಲೆಯ ಮೇಲೆ ಕೈಹೊತ್ತು ಕೂತರು.

ನಾನು ಎದ್ದು ನಿಂತು ವಾದ ಮಂಡಿಸಿದೆ. ಬೈಬಲ್ಲನ್ನು ಓದಿದ್ದು ಅದು ಸುಳ್ಳೆಂದು ತೋರಿಸಲೇ ಹೊರತು ನಂಬಲು ಅಲ್ಲ ಎಂದೆ. ಸರ್ಪ, ಸೂರ್ಯ, ನಾವೆಯ ಹುಲಿ ಎಲ್ಲವನ್ನೂ ತಂದೆ. ದೊಡ್ಡತಾಯಮ್ಮ ಕುಟ್ಟಿದ ಎಲೆ ಅಡಿಕೆ ಮೆಲ್ಲುತ್ತ ಪೂರ್ತಿ ಕೇಳಿಸಿಕೊಂಡರು. “ಇಷ್ಟೆಲ್ಲ ಬಾಯಿಪಾಟ ಆಗದೆ! ನಂಬ್ದಿರೋನು ಯಾರಪ್ಪ ಇಷ್ಟ್ ಓದನು?” ಎಂದರು. ನನ್ನ ವಾದವೇ ನನ್ನ ಕುತ್ತಿಗೆಗೆ ಬಂತು. ಶೋಭಾಳ ಮದುವೆ ನನ್ನ ಕಣ್ಣೆದುರೇ ಜೀಪು ಹತ್ತಿ ಉಮ್ಮತ್ತೂರಿಗೆ ವಾಪಸಾಗುತ್ತಿತ್ತು.

ಅಜ್ಜಿ ನನ್ನನ್ನು ಬಿಟ್ಟು ನಾಗರತ್ನಳ ಕಡೆ ತಿರುಗಿದರು. “ಬಾ ಕಣಮ್ಮಿ ಇಲ್ಲಿ. ಕಟ್ಕಂಡಿರೋಳು ನೀನು. ಇವ ಅತ್ಲಾಗೆ ಓಗವ್ನೋ, ಇಲ್ವೋ? ದಿಟ ಯೋಳು.”

ನಾಗರತ್ನ ಸೆರಗಿಗೆ ಕೈ ಒರೆಸಿಕೊಂಡಳು. “ಅಜ್ಜಿ, ಆ ದೇವ್ರನ್ನ ನಂಬಿದೋರು ಬದಲಾಗೋಯ್ತಾರಂತೆ. ಸುಳ್ಳು ಬುಡ್ತಾರಂತೆ, ಕೋಪ ಬುಡ್ತಾರಂತೆ, ಬೈದೋರ್ನೂ ಕ್ಷಮಿಸ್ತಾರಂತೆ. ಇವರು ಆ ಪುಸ್ತಕ ಹಿಡಿದಾಗ ನಾನೂ ಆಸೆಯಿಂದ ಕಾಯ್ತಾ ಇದ್ದೆ ಕಣಜ್ಜಿ. ಏನೂ ಆಗ್ಲಿಲ್ಲ. ಎದುರುಮನೆಯೋರ ಜೊತೆ ನಲ್ಲಿ ಜಗಳ ಹಂಗೇ ಅದೆ. ಫೋನು ಬಂದ್ರೆ ಮನೇಲಿ ಇಲ್ಲ ಅನ್ನು ಅನ್ನೋದು ಹಂಗೇ ಅದೆ. ಸಾರಲ್ಲಿ ಉಪ್ಪು ಜಾಸ್ತಿ, ಮುದ್ದೆ ಗಟ್ಟಿ, ಕಾಫಿ ಬಿಸಿ ಇಲ್ಲ ಅನ್ನೋದು ಒಂದಿನಾನೂ ತಪ್ಪಿಲ್ಲ. ಕೂದಲಷ್ಟೂ ಬದಲಾಗಿಲ್ಲ ಇವರು.”

ಮಾವನ ಮುಖಕ್ಕೆ ನಿಧಾನವಾಗಿ ರಕ್ತ ಬಂತು. ದೊಡ್ಡತಾಯಮ್ಮ ಬೊಚ್ಚುಬಾಯಿ ತುಂಬ ನಕ್ಕರು. “ಅಂಗಾದ್ರೆ ಇವ ನಮ್ಮೋನೆ ಬುಡು! ಮಾದಪ್ಪ, ಲಗ್ನ ಕಟ್ಟಿಸು. ಬೆಟ್ಟಕ್ಕೆ ಉಂಡ್ಕಂಡು ಓಗನ.” ಆಮೇಲೆ ಬಾಗಿಲಲ್ಲೇ ಕೇಕು ಹಿಡಿದು ನಿಂತಿದ್ದ ವರ್ಗೀಸನನ್ನು ನೋಡಿ, “ನೀನೂ ಕೂತ್ಕ ಕಣಪ್ಪ, ಯಾಕ್ ನಿಂತ್ಕಂಡಿದ್ದೀಯೆ? ಉಂಡು ಓಗು” ಎಂದರು.

ಜೀವಮಾನದಲ್ಲಿ ನಾನು ಗೆದ್ದ ಕೇಸುಗಳಲ್ಲಿ ಇಷ್ಟು ಸ್ವಚ್ಛವಾದ ಬಿಡುಗಡೆ ಇನ್ನೊಂದಿಲ್ಲ. ಎಲ್ಲರೂ ನನ್ನ ಬೆನ್ನು ತಟ್ಟಿದರು. ಯಾವ ಸದ್ಗುಣವೂ ಇಲ್ಲವೆಂದು ರುಜುವಾತಾದವನಿಗೆ ಸಿಕ್ಕ ಅಂಥ ಮರ್ಯಾದೆ ನಾನು ಬೇರೆಲ್ಲೂ ಕಂಡಿಲ್ಲ.

ಹಿತ್ತಲಲ್ಲಿ ಕೈ ತೊಳೆಯುವಾಗ ವರ್ಗೀಸ್ ಪಕ್ಕಕ್ಕೆ ಬಂದ. ಮುಖ ಯಾಕೋ ಸಪ್ಪಗಿತ್ತು. “ಸಾರೇ, ಇಷ್ಟು ದಿನ ನೀವು ಸರ್ಪ ಅಂದ್ರಿ, ಆನೆ ಅಂದ್ರಿ, ಹುಲಿ ಅಂದ್ರಿ. ನನ್ನ ನಂಬಿಕೆ ಚೂರೂ ಅಲ್ಲಾಡಲಿಲ್ಲ. ಆದರೆ ಇಷ್ಟೆಲ್ಲ ಓದಿದ ಮೇಲೂ ನೀವು ಹೀಗೇ ಇದ್ದೀರಿ ಅಂತ ನಾಗರತ್ನಮ್ಮ ಹೇಳಿದ್ರಲ್ಲ, ಆಗ ಮಾತ್ರ ಪುಸ್ತಕದ ಬಗ್ಗೆ ನನಗೆ ಸ್ವಲ್ಪ ಅನುಮಾನ ಬಂತು.”

ಇದಕ್ಕೆ ತಕ್ಕ ಉತ್ತರ ಯೋಚಿಸುತ್ತಲೇ ಎಲೆಯ ಮುಂದೆ ಕೂತೆ. ಎದುರಿಗೆ ಅಜ್ಜಿ, ಒಂದು ಬದಿಗೆ ಮಾವ, ಇನ್ನೊಂದು ಬದಿಗೆ ವರ್ಗೀಸ್, ಎಲ್ಲರೂ ಖುಷಿಯಿಂದ ಉಣ್ಣುತ್ತಿದ್ದರು. ನಾಗರತ್ನ ಶುಭ ಸಮಾಚಾರಕ್ಕೆಂದು ಗಡಿಬಿಡಿಯಲ್ಲೇ ಶ್ಯಾವಿಗೆ ಪಾಯಸ ಮಾಡಿದ್ದಳು. ಈ ಹೊತ್ತಿನಲ್ಲಾದರೂ ಸುಮ್ಮನಿರಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡು ಒಂದು ಗುಟುಕು ಕುಡಿದೆ.

“ಬೆಲ್ಲ ಸ್ವಲ್ಪ ಕಡಿಮೆ ಆಯ್ತೇನೋ” ಎಂದೆ.

“ನೋಡಿದ್ರಾ ಅಜ್ಜಿ?” ಎಂದಳು ನಾಗರತ್ನ.