ಜಯರಾಮಯ್ಯನ ಬೆಳ್ಳಿ ಬೈಕು

ಹದಿನೈದು ಪೈಸೆಯ ಒಂದು ಪೋಸ್ಟ್ ಕಾರ್ಡು ಗುಬ್ಬಿಯ ಜಯರಾಮಯ್ಯನ ಎರಡನೇ ಶನಿವಾರದ ರಜವನ್ನು ಪೂರ್ತಿ ನುಂಗಿಹಾಕಿತು.

ಬರೆದವರು ತುಮಕೂರಿನಲ್ಲಿದ್ದ ಅವನ ಮಾವ ಲಕ್ಷ್ಮೀನರಸಿಂಹಯ್ಯ. ಅಮಲ್ದಾರಿಕೆಯಿಂದ ರಿಟೈರಾಗಿ ಆರು ವರ್ಷವಾಗಿದ್ದರೂ ತನಿಖೆಯ ಚಪಲ ಮಾತ್ರ ರಿಟೈರಾಗಿರಲಿಲ್ಲ. ಒಕ್ಕಣೆ ಮೂರೇ ಸಾಲು: "ಮದುವೆಯಲ್ಲಿ ಕೊಟ್ಟ ಮೋಟಾರ್ ಬೈಕಿನ ಸ್ಥಿತಿಯನ್ನು ಕಣ್ಣಾರೆ ನೋಡಬೇಕಾಗಿದೆ. ನೋಡಿ ಒಂದು ತೀರ್ಮಾನ ಮಾಡುತ್ತೇನೆ. ಶನಿವಾರ ಸಂಜೆ ಐದರ ಬಸ್ಸಿಗೆ ಬರುತ್ತೇನೆ."

ಜಯರಾಮಯ್ಯ ಕಾರ್ಡನ್ನು ತಿರುಗಿಸಿ ತಿರುಗಿಸಿ ಮೂರು ಸಲ ಓದಿದ. ಎರಡು ವರ್ಷದ ಹಿಂದೆ ಮಾವ ತಾವೇ ಕೊಟ್ಟಿದ್ದ ರೇಡಿಯೋದ ಮೇಲೆ ಧೂಳು ಕಂಡು, ಅದನ್ನು ಬಗಲಲ್ಲಿ ಅವಚಿಕೊಂಡು ವಾಪಸು ಹೋಗಿದ್ದರು. ಅದೀಗ ಕುಣಿಗಲ್ಲಿನ ಕಿರಿಯ ಅಳಿಯ ಸದಾಶಿವಯ್ಯನ ಮನೆಯಲ್ಲಿ ಹಾಡುತ್ತಿತ್ತು. ಇನ್ನು ಬೈಕೂ ಹೋದರೆ? ಜಯರಾಮಯ್ಯ ಪಶು ಆಸ್ಪತ್ರೆಯ ಕಾಂಪೌಂಡರ್. ಚೇಳೂರು, ಸಿ.ಎಸ್. ಪುರಕ್ಕೆಲ್ಲ ಬಸ್ಸು ಕಾದು ಹೋಗುವಷ್ಟರಲ್ಲಿ ಹಸುವಿನ ಕಾಯಿಲೆ ತಾನಾಗಿ ವಾಸಿಯಾಗಿರುತ್ತಿತ್ತು, ಇಲ್ಲವೇ ಹಸುವೇ ಇರುತ್ತಿರಲಿಲ್ಲ.

ಬೈಕಿನ ಸ್ಥಿತಿಯೋ, ದೇವರಿಗೇ ಪ್ರೀತಿ. ಎಂಟು ವರ್ಷ ಮಳೆ ಬಿಸಿಲಲ್ಲಿ ನಿಂತು ಹ್ಯಾಂಡಲ್ಲು, ರಿಮ್ಮು, ಸೈಲೆನ್ಸರ್ ಎಲ್ಲವೂ ತುಕ್ಕು ಹಿಡಿದು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿದ್ದವು.

"ನಾನು ಬಡ್ಕೊಂಡೆ, ವಾರಕ್ಕೊಂದ್ಸಲ ಎಣ್ಣೆ ಬಟ್ಟೇಲಿ ಒರೆಸೀಂತ," ಎಂದಳು ಹೆಂಡತಿ ಶಾರದ. "ಈಗ ಅನುಭವಿಸಿ."

ಪಕ್ಕದ ಮನೆಯ ಸುಬ್ಬಲಕ್ಷ್ಮಮ್ಮ ಕಾಂಪೌಂಡಿನ ಮೇಲಿಂದಲೇ ಔಷಧಿ ಹೇಳಿದರು. "ಹುಣಸೆಹಣ್ಣು ಹಾಕಿ ತಿಕ್ಕಪ್ಪ ಜಯರಾಮು. ನಮ್ಮನೆ ಹಿತ್ತಾಳೆ ಹಂಡೆ ನೋಡು, ಹೆಂಗೆ ಥಳಥಳಾಂತಿದೆ."

ಹಿತ್ತಾಳೆಯ ವೈದ್ಯ ಕಬ್ಬಿಣಕ್ಕೂ ನಡೆದೀತೆ ಎಂದು ಕೇಳುವಷ್ಟು ವ್ಯವಧಾನ ಅವನಿಗಿರಲಿಲ್ಲ. ಅರ್ಧ ಸೇರು ಹುಣಸೆಹಣ್ಣು ಕಿವುಚಿ ತಿಕ್ಕಿದ. ತುಕ್ಕು ಬಿಟ್ಟಿತು. ನೀರು ಸುರಿದು ತೊಳೆದು, ಜಯ ಗಳಿಸಿದವನಂತೆ ಊಟಕ್ಕೆ ಕೂತ. ಮಜ್ಜಿಗೆ ಅನ್ನ ಮುಗಿಸಿ ಬರುವಷ್ಟರಲ್ಲಿ ಬೈಕು ಮೈತುಂಬ ಅರಿಶಿನ ಮೆತ್ತಿಕೊಂಡ ಮದುವಣಗಿತ್ತಿಯಂತೆ ನಿಂತಿತ್ತು. ಹೊಸ ತುಕ್ಕು!

ಆ ಹೊತ್ತಿಗೆ ಪಂಪ್‌ಸೆಟ್ ರಿಪೇರಿಯ ರಂಗಣ್ಣ ಆ ದಾರಿಯಲ್ಲಿ ಬಂದ. ನೋಡಿ ಹಣೆ ಚಚ್ಚಿಕೊಂಡ.

"ಹಸಿ ಕಬ್ಬಿಣಕ್ಕೆ ನೀರು ಸುರಿದ್ರೆ ಇನ್ನೇನಾಯ್ತದೆ ಸ್ವಾಮಿ? ಉಪ್ಪುಕಾಗದದಲ್ಲಿ ಚೆನ್ನಾಗಿ ಉಜ್ಜಿ, ಸೀಮೆಎಣ್ಣೇಲಿ ಒರೆಸಿ, ಮ್ಯಾಲೆ ಸಿಲ್ವರ್ ಪೇಂಟು ಹೊಡೀಬೇಕು. ನಮ್ಮನೆ ಕಿಟಕಿಗೆ ತಂದಿದ್ದು ಅರ್ಧ ಡಬ್ಬ ಮಿಕ್ಕೈತೆ, ತತ್ತೀನಿ ಬುಡಿ."

ಇಬ್ಬರೂ ಉಜ್ಜಿದರು. ತುಕ್ಕಿನ ಜೊತೆಗೆ ಅಲ್ಲಿಲ್ಲಿ ಉಳಿದಿದ್ದ ನಿಕ್ಕಲ್ ಪಾಲಿಶೂ ಉದುರಿಹೋಯಿತು. ಮೂರು ಗಂಟೆಗೆ ಬಣ್ಣ ಬಳಿದು ಮುಗಿಯಿತು. ಆದರೆ ಬೆರಳಿಟ್ಟರೆ ಬೆರಳಿಗೇ ಬೆಳ್ಳಿ!

"ಇಂಜಿನ್ ಸ್ಟಾರ್ಟ್ ಮಾಡಿ ಸ್ವಾಮಿ, ಕಾವಿಗೆ ಸೈಲೆನ್ಸರ್ ಆದ್ರೂ ಬ್ಯಾಗ ಒಣಗ್ತದೆ."

ಒಣಗಲಿಲ್ಲ. ಹೊಗೆ ಎದ್ದಿತು. ಮೊದಲು ಊದಿನಕಡ್ಡಿಯಷ್ಟು, ಆಮೇಲೆ ಇಟ್ಟಿಗೆ ಗೂಡಿನಷ್ಟು. "ಅಯ್ಯೋ, ಬೆಂಕಿ!" ಎಂದು ಕಿರುಚಿದ ಸುಬ್ಬಲಕ್ಷ್ಮಮ್ಮ ಕೈಗೆ ಸಿಕ್ಕ ಬಕೆಟ್ಟನ್ನು ಕಾಂಪೌಂಡಿನ ಮೇಲಿಂದಲೇ ಎರಚಿದರು. ಅದು ಅವರು ಬಟ್ಟೆಗೆ ಕಲಸಿಟ್ಟಿದ್ದ ನೀಲಿಯ ನೀರು. ಮುಕ್ಕಾಲು ಪಾಲು ಜಯರಾಮಯ್ಯನಿಗೂ ಕಾಲು ಪಾಲು ಬೈಕಿಗೂ ಸಂದಿತು.

ಜಯರಾಮಯ್ಯನಿಗೆ ಅಳು ಬರುವುದೊಂದು ಬಾಕಿ. ಗಂಟೆ ನಾಲ್ಕಾಗಿತ್ತು. ಒರೆಸಿ, ಉಜ್ಜಿ, ಡಬ್ಬದ ತಳ ಕೆರೆದು ಮತ್ತೆ ಬಳಿದರು. ಶಾರದ ಒಂದು ಕಡೆ, ತಪ್ಪು ಮಾಡಿದ ಸಂಕಟಕ್ಕೆ ಸುಬ್ಬಲಕ್ಷ್ಮಮ್ಮ ಇನ್ನೊಂದು ಕಡೆ, ಮೊರ ಹಿಡಿದು ಬೀಸಿದ್ದೇ ಬೀಸಿದ್ದು. ಐದೂಕಾಲಿಗೆ ಲಕ್ಷ್ಮೀನರಸಿಂಹಯ್ಯ ಕೊಡೆ ಊರಿಕೊಂಡು ಗೇಟಿನೊಳಗೆ ಬಂದಾಗ ಇಳಿಬಿಸಿಲಿಗೆ ಬೈಕು ಕಣ್ಣು ಕೋರೈಸುತ್ತಿತ್ತು.

ಮಾವ ನಿಂತಲ್ಲೇ ನಿಂತರು. ಕನ್ನಡಕ ಒರೆಸಿಕೊಂಡರು. ಮುಟ್ಟಲು ಕೈ ಚಾಚಿದರು.

"ಮುಟ್ಬೇಡಿ ಮಾವ!" ಜಯರಾಮಯ್ಯ ಅಡ್ಡ ಹಾರಿದ. "ಬೆರಳಿನ ಗುರುತು ಬೀಳುತ್ತೆ. ನಾನೇ ಮುಟ್ಟೋದಿಲ್ಲ."

"ಭಲೆ!" ಮಾವನ ಕಣ್ಣು ಒದ್ದೆಯಾಯಿತು. "ಎಂಟು ವರ್ಷದ ಗಾಡಿ ಅಂತ ಯಾರು ಹೇಳ್ತಾರೆ ಅಳಿಯಂದ್ರೆ? ಆ ರೇಡಿಯೋ ವಿಷಯದಲ್ಲಿ ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ, ಮನಸ್ಸಿಗೆ ಹಚ್ಕೋಬೇಡಿ."

ಬೈಕು ಉಳಿಯಿತು! ಜಯರಾಮಯ್ಯ ಓಡಿಹೋಗಿ ಜಗಲಿಗೆ ಚಾಪೆ ಹಾಸಿದ. ಶಾರದ ಕಾಫಿ ತಂದಳು. ಮಾವ ಜಗಲಿಯ ಮೇಲೆ ಕೂತು ಒಂದು ಗುಟುಕು ಕುಡಿದು ಮಾತು ತೆಗೆದರು.

"ಏಳು ವರ್ಷದ ಹಿಂದೆ ಒಂದು ಸ್ಕೂಟರ್ ಬುಕ್ ಮಾಡಿದ್ದೆ. ಕೊನೆಗೂ ಈ ತಿಂಗಳು ನನ್ನ ಸರದಿ ಬಂತು. ಈ ವಯಸ್ಸಲ್ಲಿ ನನಗ್ಯಾಕೆ ಸ್ಕೂಟರ್ರು? ಇಬ್ಬರು ಅಳಿಯಂದಿರಲ್ಲಿ ಯಾರ ಬೈಕು ತೀರಾ ಹಾಳಾಗಿದೆಯೋ ಅವರಿಗೆ ಕೊಡೋಣ ಅಂದ್ಕೊಂಡೆ. ಹೋದ ವಾರ ಕುಣಿಗಲ್ಲಿಗೆ ಹೋಗಿ ಸದಾಶಿವಯ್ಯಂದು ನೋಡಿದೆ. ಅಲ್ಲಲ್ಲಿ ತುಕ್ಕು. ನಿಮ್ಮದು ಮೈಯೆಲ್ಲ ತುಕ್ಕು ಹಿಡಿದಿದೆ ಅಂತ ಶಾರದ ಕಾಗದ ಬರೆದಿದ್ಲಲ್ಲ, ನಿಮಗೇ ಕೊಡೋದೂಂತ ಮುಕ್ಕಾಲು ತೀರ್ಮಾನ ಮಾಡ್ಕೊಂಡೇ ಬಂದೆ. ಇಲ್ಲಿ ನೋಡಿದ್ರೆ ಹೀಗೆ! ಸದಾಶಿವಯ್ಯನಿಗೇ ಆಯ್ತು ಬಿಡಿ."

ಶಾರದಳ ಕೈಯಲ್ಲಿದ್ದ ತಟ್ಟೆ ನೆಲಕ್ಕೆ ಬಿತ್ತು.

"ಮಾವ, ಇದು ಬರೀ ಬಣ್ಣ!" ಜಯರಾಮಯ್ಯ ಬೈಕಿನತ್ತ ಓಡಿದ. "ಒಳಗೆಲ್ಲ ತುಕ್ಕು! ನೋಡಿ, ಇಲ್ಲಿ ನೋಡಿ!" ಪಂಚೆಯ ಅಂಚಿನಿಂದ ಹ್ಯಾಂಡಲ್ಲನ್ನು ಉಜ್ಜಿದ. ಉಗುರಿನಿಂದ ಕೆರೆದ. ಇಡೀ ಮಧ್ಯಾಹ್ನ ಒಣಗಲು ಒಲ್ಲೆನೆಂದ ಬಣ್ಣ ಈಗ ಕಲ್ಲಿನಂತೆ ಕೂತಿತ್ತು. ಒಂದು ಚೂರೂ ಕಿತ್ತುಬರಲಿಲ್ಲ.

ಮಾವ ಎದ್ದು ಬಂದು ಅಳಿಯನ ಬೆನ್ನು ತಟ್ಟಿದರು.

"ಷಡ್ಡಕನ ಮೇಲೆ ಹೊಟ್ಟೆಕಿಚ್ಚು ಪಡಬಾರದು ಅಳಿಯಂದ್ರೆ. ಅವನಿಗೆ ಗಾಡಿ ಇಟ್ಕೊಳ್ಳೋಕೆ ಬರೋದಿಲ್ಲ, ನಿಮಗೆ ಬರುತ್ತೆ. ಅದಕ್ಕೇ ಒಂದು ಮಾತು. ಇನ್ಮೇಲೆ ಪ್ರತಿ ಎರಡನೇ ಶನಿವಾರ ನೀವು ಕುಣಿಗಲ್ಲಿಗೆ ಹೋಗಿ, ಆ ಹೊಸ ಸ್ಕೂಟರನ್ನ ಸ್ವಲ್ಪ ತಿಕ್ಕಿ ಒರೆಸಿಟ್ಟು ಬನ್ನಿ. ಹಾಂ, ಹೋಗೋವಾಗ ಬಸ್ಸಲ್ಲಿ ಹೋಗಿ. ಇಷ್ಟು ಚೆನ್ನಾಗಿರೋ ಗಾಡೀನ ಅಷ್ಟು ದೂರ ಓಡಿಸಬಾರದು."