ಎದುರು ಮಹಡಿಯ ಕ್ಯಾಮೆರಾಕ್ಕೆ: ನನ್ನ ಜಗಳ ನನಗೆ ಬಿಟ್ಟುಕೊಡಿ

ಮಾನ್ಯರಲ್ಲಿ ಮಾನ್ಯರಾದ ಕ್ಯಾಮೆರಾ ಮಹಾಶಯರೇ,

ಎದುರು ಮನೆಯ ಮಹಡಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ ಮೂರು ಕಾಲೂರಿ ನಿಂತು ನಮ್ಮ ಮನೆಯನ್ನು ಹಗಲಿರುಳೂ ಕಾಯುತ್ತಿರುವ ತಮಗೆ ಜೋಗುಪಾಳ್ಯದ ಯಮುನಾ ಮಾಡುವ ಅನಂತ ವಂದನೆಗಳು. ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ಆದರೆ ನಾವು ಕ್ಷೇಮವೋ ಅಲ್ಲವೋ ಎಂಬುದು ಈಗೀಗ ನಮಗಿಂತ ಮೊದಲು ತಮಗೇ ಗೊತ್ತಾಗುವುದರಿಂದ ಆ ಸಾಲನ್ನು ತುಂಬಿಕೊಳ್ಳುವ ಕೆಲಸವನ್ನು ತಮಗೇ ಬಿಟ್ಟಿದ್ದೇನೆ. ನಿನ್ನೆ ಸಂಜೆ ತುಂತುರು ಬಿದ್ದಾಗ ಯಾರೋ ತಮ್ಮ ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿ ಸಮಾಧಾನಪಟ್ಟೆ. ನಮ್ಮ ಮಹಡಿಯಲ್ಲಿ ಒಣಹಾಕಿದ್ದ ಬಟ್ಟೆ ಮಾತ್ರ ತೊಪ್ಪೆಯಾಯಿತು. ತರಲು ಹೋಗಬಹುದಿತ್ತು. ಆದರೆ ಹೋದ ವಾರ ಹೀಗೆಯೇ ಮಳೆಯಲ್ಲಿ ಬಟ್ಟೆ ತೆಗೆಯಲು ಹೋದಾಗ ನನ್ನ ಕೆನ್ನೆಯ ಮೇಲಿನ ಹನಿಗೆ ಕೆಂಪು ಸುತ್ತು ಹಾಕಿ, 'ಯಮುನಾ ಕಣ್ಣೀರು' ಎಂದು ತಾವು ಇಡೀ ಸಂಜೆ ತೋರಿಸಿದ್ದರಿಂದ, ಈ ಸಲ ಬಟ್ಟೆಯೇ ನೆನೆಯಲಿ ಎಂದು ಬಿಟ್ಟುಬಿಟ್ಟೆ.

ನಾನು ಯಾರೆಂದು ತಮ್ಮ ವಾಹಿನಿಯನ್ನು ನೋಡುವ ಪುಣ್ಯವಿಲ್ಲದವರಿಗಾಗಿ ಒಂದೆರಡು ಮಾತು. ಕಬಡ್ಡಿ ಆಟಗಾರ ಕೆಂಪರಾಜ್ ಅವರ ಹೆಂಡತಿ. ಅದಲ್ಲದೆ, ತಾವು ಎಂದೂ ಹೇಳದ ಒಂದು ಸಂಗತಿಯೆಂದರೆ, ಹಲಸೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಹೇಳುವವಳು. ದೂರಿನ ಪತ್ರ ಬರೆಯುವುದು ಹೇಗೆಂದು ಪ್ರತಿ ವರ್ಷ ಒಂಬತ್ತನೇ ತರಗತಿಗೆ ಕಲಿಸುತ್ತೇನೆ. ಚರಂಡಿ ಕಟ್ಟಿದರೆ ಹೇಗೆ ಬರೆಯಬೇಕು, ಬೀದಿದೀಪ ಉರಿಯದಿದ್ದರೆ ಹೇಗೆ ಬರೆಯಬೇಕು ಎಂಬುದೆಲ್ಲ ನನಗೆ ಬಾಯಿಪಾಠ. ನಮ್ಮ ಗಂಡ ಹೆಂಡತಿಯ ಮಾತನ್ನು ಊರಿನವರೆಲ್ಲ ಸೇರಿ ಆಡಿ ಮುಗಿಸಿದರೆ ಯಾರಿಗೆ ಬರೆಯಬೇಕು ಎಂಬುದು ಮಾತ್ರ ಪಠ್ಯದಲ್ಲಿಲ್ಲ. ಹಾಗಾಗಿ ಕಣ್ಣೆದುರಿಗೇ ಇರುವ ತಮಗೆ ಬರೆಯುತ್ತಿದ್ದೇನೆ.

ಮೊದಲಿಗೆ ಕೃತಜ್ಞತೆ. ನನ್ನ ಗಂಡ ಬೇರೊಬ್ಬ ಹೆಣ್ಣಿನ ಜೊತೆ ಸಂಬಂಧ ಇಟ್ಟುಕೊಂಡಿದ್ದರು ಎಂಬುದನ್ನು ನನಗೆ ತಿಳಿಸಿದ ಉಪಕಾರ ತಮ್ಮ ವಾಹಿನಿಯದು. ಕಗ್ಗದಾಸಪುರದ ನಮ್ಮ ಮನೆಯಲ್ಲಿ ನಾನು ದಂಟಿನ ಸೊಪ್ಪು ಬಿಡಿಸುತ್ತ ಕೂತಿದ್ದೆ. ಅವರಿಬ್ಬರ ನಡುವಿನ ಸಂದೇಶಗಳನ್ನು ನಿರೂಪಕರು ಗಂಡಿನ ದನಿಯಲ್ಲಿ ಒಮ್ಮೆ, ಹೆಣ್ಣಿನ ದನಿಯಲ್ಲಿ ಒಮ್ಮೆ, ಹಿನ್ನೆಲೆಯಲ್ಲಿ ಪಿಟೀಲು ಬಾರಿಸಿಕೊಂಡು ಓದಿದರು. ಸುಳ್ಳಿರಬಹುದೆಂದು ಗಂಡನಿಗೆ ಫೋನ್ ಮಾಡಿದೆ. ಸುಳ್ಳಲ್ಲ ಎಂದರು. ಹೀಗಾಗಿ ಸುದ್ದಿ ಸುಳ್ಳೆಂಬುದು ನನ್ನ ದೂರಲ್ಲ ಎಂದು ಈಗಲೇ ಒಪ್ಪಿಕೊಂಡುಬಿಡುತ್ತೇನೆ. ಸೊಪ್ಪನ್ನು ಹಾಗೇ ಬಿಟ್ಟು, ಒಂದು ಬ್ಯಾಗು ಹಿಡಿದು ಜೋಗುಪಾಳ್ಯದ ತವರಿಗೆ ಬಂದೆ. ನನ್ನ ಹಿಂದೆಯೇ ತಾವೂ ಬಂದಿರಿ.

ನಮ್ಮ ಗಲ್ಲಿಗೆ ತಮ್ಮ ದೊಡ್ಡ ವ್ಯಾನು ನುಗ್ಗಲಾರದೆ ಹೋದಾಗ ತಾವು ಪಟ್ಟ ಕಷ್ಟವನ್ನು ಕಂಡು ಎದುರು ಮನೆಯ ಮುನಿಆಂಜನಪ್ಪನವರ ಮನಸ್ಸು ಕರಗಿತು. ಅವರ ತಾತನ ಕಾಲದಲ್ಲಿ ಆ ಜಾಗದಲ್ಲಿ ಹೂಕೋಸು ಬೆಳೆಯುತ್ತಿದ್ದರಂತೆ, ಈಗ ಬಾಡಿಗೆ ಬೆಳೆಯುತ್ತಾರೆ. ಮಹಡಿಯನ್ನು ತಮಗೆ ಬಿಟ್ಟುಕೊಟ್ಟ ದಿನ ನಮ್ಮಮ್ಮನ ಬಳಿ ಬಂದು, ಬೇಜಾರು ಮಾಡಿಕೊಳ್ಳಬೇಡಿ, ಟ್ಯಾಂಕಿನ ಪಕ್ಕ ಸುಮ್ಮನೆ ಖಾಲಿ ಬಿದ್ದಿತ್ತು, ಮುಂದೆ ನಿಮ್ಮ ಮನೆಯಲ್ಲಿ ಶುಭಕಾರ್ಯ ಆದಾಗ ನಿಮಗೇ ಕೊಡುತ್ತೇನೆ ಎಂದು ಸಂಕೋಚದಿಂದಲೇ ಹೇಳಿಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ತಾವು ಅಡುಗೆಮನೆಯ ಕಡೆಗೇ ಮೂತಿ ತಿರುಗಿಸಿ ನಿಂತಿದ್ದು ಅವರ ಕರಾರಿನಲ್ಲಿ ಇರಲಿಕ್ಕಿಲ್ಲ.

ಇನ್ನು ತಮ್ಮ ಘನವಾದ ಚರ್ಚೆಯ ವಿಷಯಕ್ಕೆ ಬರುತ್ತೇನೆ. ಹೆಸರು ಮಾಡಿದ ಕ್ರೀಡಾಪಟುವಿಗೆ ಖಾಸಗಿ ಬದುಕು ಎಂಬುದು ಇರಬಹುದೇ ಎಂದು ತಾವು ದಿನಾ ಸಂಜೆ ಕೇಳುತ್ತೀರಿ. ನಿರೂಪಕರು ಮೇಜು ಗುದ್ದಿ, ಆಟಗಾರ ಜನರ ಆಸ್ತಿ ಎನ್ನುತ್ತಾರೆ. ಬಹಳ ಸಂತೋಷ. ಆಸ್ತಿ ಎಂದಮೇಲೆ ನಮ್ಮ ಕಡೆಯವರು ಕೇಳುವ ಮೊದಲ ಪ್ರಶ್ನೆಯೆಂದರೆ ಖಾತಾ ಯಾರ ಹೆಸರಿನಲ್ಲಿದೆ ಎಂಬುದು. ಜನರ ಹೆಸರಿಗೇ ಆಗಿದ್ದರೆ ದಯವಿಟ್ಟು ಜನರು ಒಂದು ಸಲ ಬಂದು ಸ್ವಾಧೀನಕ್ಕೆ ತೆಗೆದುಕೊಳ್ಳಬೇಕು. ಆಸ್ತಿಯ ಎಡಮಂಡಿ ಕಿತ್ತುಹೋಗಿದೆ, ಬೆಳಗ್ಗೆ ಎದ್ದ ಕೂಡಲೇ ಬಿಸಿನೀರಿನ ಶಾಖ ಕೊಡಬೇಕು. ಆಸ್ತಿ ಗೊರಕೆ ಹೊಡೆಯುತ್ತದೆ. ಪಂದ್ಯ ಸೋತ ದಿನ ಅದು ಯಾರೊಡನೆಯೂ ಮಾತಾಡದೆ ಗೋಡೆಗೆ ಮುಖಮಾಡಿ ಮಲಗುತ್ತದೆ, ಆಗ ಪಕ್ಕದಲ್ಲಿ ಒಬ್ಬರು ಸುಮ್ಮನೆ ಕೂತಿರಬೇಕು. ಇಷ್ಟು ವರ್ಷ ಈ ನಿರ್ವಹಣೆಯನ್ನೆಲ್ಲ ನಾನೊಬ್ಬಳೇ ಮಾಡಿಕೊಂಡು ಬಂದಿದ್ದೇನೆ, ಇದರಲ್ಲಿ ಜನರಿಗೂ ಪಾಲಿದೆಯೆಂದು ಗೊತ್ತಿದ್ದರೆ ಸರದಿ ಹಾಕಿಕೊಳ್ಳುತ್ತಿದ್ದೆವು.

ನಾವೇ ತಾನೇ ಕುಕ್ಕರಿನ ಜಾಹೀರಾತಿನಲ್ಲಿ ಆದರ್ಶ ದಂಪತಿಗಳೆಂದು ಹಲ್ಲು ಕಿರಿದದ್ದು, ಆಗ ಮನೆ ತೋರಿಸಿದವರು ಈಗ ಬಾಗಿಲು ಹಾಕಿಕೊಂಡರೆ ಹೇಗೆ ಎಂದೂ ತಾವು ಕೇಳಿದ್ದೀರಿ. ಮಾತು ಸರಿಯಾಗಿಯೇ ಇದೆ. ಮದುವೆಯ ಊಟಕ್ಕೆ ನಾವೇ ಎಲ್ಲರನ್ನೂ ಕರೆದಿದ್ದೆವು. ಎಲ್ಲರೂ ಬಂದು, ಉಂಡು, ತಾಂಬೂಲ ತೆಗೆದುಕೊಂಡು ಹೋದರು. ಅಂದು ಎಲೆಯ ಮುಂದೆ ಕೂತವರೆಲ್ಲ ಇಂದು ಮಲಗುವ ಕೋಣೆಗೆ ಬಂದು ಹಾಸಿಗೆಯ ಮೇಲೆ ಕೂತು, ಹೇಳಮ್ಮಾ ಏನಾಯಿತು ಎಂದು ಕೇಳುವುದಾದರೆ ಮದುವೆಯ ಕಾಗದದಲ್ಲೇ ಅದನ್ನು ಅಚ್ಚು ಹಾಕಿಸಬೇಕಿತ್ತು.

ಆದರೆ ನನ್ನ ಗಂಡನಿಗೆ ಖಾಸಗಿತನ ಸಲ್ಲುತ್ತದೆ ಎಂದು ವಾದಿಸಲು ನಾನು ಈ ಪತ್ರ ಬರೆಯುತ್ತಿಲ್ಲ. ಫೋನಿನಲ್ಲಿ ಅವರು ಹೌದು ಎಂದ ಗಳಿಗೆಯಲ್ಲಿ ನನ್ನನ್ನು ಕೇಳಿದ್ದರೆ, ಖಾಸಗಿತನ ಇರಲಿ, ರಾತ್ರಿಯ ಮುದ್ದೆಯೂ ಅವರಿಗೆ ಸಲ್ಲುವುದಿಲ್ಲ ಎನ್ನುತ್ತಿದ್ದೆ. ಒಂದು ಚಿಕ್ಕ ತೊಂದರೆ ಮಾತ್ರ ಇದೆ. ಅವರ ಖಾಸಗಿ ಬದುಕೂ ನನ್ನದೂ ಒಂದೇ ಮನೆಯಲ್ಲಿ ವಾಸವಾಗಿದ್ದವು, ಇದ್ದದ್ದು ಒಂದೇ ಬಾಗಿಲು. ತಪ್ಪು ಮಾಡಿದವರದ್ದೆಂದು ಅದನ್ನು ತಾವು ಒದ್ದು ಮುರಿದಿರಿ. ಒಳಗೆ ನಾನೂ ಇದ್ದೆ.

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಸುಡುತ್ತಿರುವುದು ಇನ್ನೊಂದು. ತಾವು ನನ್ನ ಜಗಳವನ್ನು ಎತ್ತಿಕೊಂಡು ಹೋದಿರಿ. ಪ್ರತಿ ಸಂಜೆ ನಿವೃತ್ತ ಪೊಲೀಸರೊಬ್ಬರು, ಜ್ಯೋತಿಷಿಗಳೊಬ್ಬರು, ಮನಶ್ಶಾಸ್ತ್ರ ಬಲ್ಲವರೊಬ್ಬರು ಮತ್ತು ಒಂದು ಸಿನಿಮಾದಲ್ಲಿ ನಾಯಕಿಯ ಗೆಳತಿಯಾಗಿದ್ದವರೊಬ್ಬರು ಕೂತು, ನನ್ನ ಪರವಾಗಿ, ನನಗೆ ನ್ಯಾಯ ಕೊಡಿಸಲಿಕ್ಕಾಗಿ ನನ್ನ ಗಂಡನನ್ನು ಬೈಯುತ್ತಾರೆ. ನಾನು ಹೊಟ್ಟೆಯಲ್ಲಿ ಕೂಡಿಟ್ಟುಕೊಂಡಿದ್ದ ಮಾತುಗಳನ್ನೆಲ್ಲ ಅವರೇ ಬೈದು ಮುಗಿಸಿದ್ದಾರೆ. ಈಗ ನಾನು ಬೈದರೆ ಟೀವಿ ನೋಡಿ ಕಲಿತಂತಿರುತ್ತದೆ. ಜಗಳವನ್ನು ವಹಿಸಿಕೊಂಡವರು ಉಳಿದದ್ದನ್ನೂ ವಹಿಸಿಕೊಳ್ಳಬೇಕೆಂದು ನನ್ನ ವಿನಂತಿ. ಗ್ರೈಂಡರ್ ಯಾರಿಗೆ ಎಂಬುದನ್ನು ನಿವೃತ್ತ ಪೊಲೀಸರು ತೀರ್ಮಾನಿಸಲಿ. ತವರಿನ ಬೀರುವಿನಲ್ಲಿ ಉಳಿದಿರುವ ನನ್ನ ಗಂಡನ ಅಂಗಿಗಳನ್ನು ಕಂಡಾಗ ನನಗೆ ಆಗುವ ಸಂಕಟವನ್ನು ಮನಶ್ಶಾಸ್ತ್ರದವರು ಸ್ವಂತಕ್ಕೆ ಪಟ್ಟು ನೋಡಲಿ. ಜ್ಯೋತಿಷಿಗಳು ನನ್ನ ಬದಲು ಸ್ಕೂಲಿಗೆ ಹೋಗಿ, ಸ್ಟಾಫ್ ರೂಮಿನಲ್ಲಿ ಒಳಗೆ ಕಾಲಿಟ್ಟ ಕೂಡಲೇ ಮಾತು ನಿಂತುಹೋಗುತ್ತದಲ್ಲ, ಆ ಮೌನದಲ್ಲಿ ಕೂತು ಡಬ್ಬಿ ಬಿಚ್ಚಿ ಊಟ ಮಾಡಲಿ.

ಯಮುನಾ ಗಂಡನನ್ನು ಬಿಡಬೇಕೇ ಬೇಡವೇ ಎಂದು ತಾವು ಜನಾಭಿಪ್ರಾಯ ಕೇಳಿದಿರಷ್ಟೆ. ವಿಷಯ ನನಗೂ ಸ್ವಲ್ಪ ಸಂಬಂಧಪಟ್ಟದ್ದೆಂದು ಮನೆಯ ಫೋನಿನಿಂದ ನಾನೂ ಮತ ಹಾಕಲು ಹೋದೆ. ಈ ನಂಬರಿನಿಂದ ಈಗಾಗಲೇ ಮತ ಬಿದ್ದಿದೆ ಎಂದು ಉತ್ತರ ಬಂತು. ಅಮ್ಮ ಹಾಕಿದ್ದರು. ಯಾವ ಕಡೆಗೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಂದ ಹೊಸದರಲ್ಲಿ ಏನಾದರೂ ತಿಂದೆಯಾ, ನಿದ್ದೆ ಬಂತಾ ಎಂದಾದರೂ ಕೇಳುತ್ತಿದ್ದ ಅಮ್ಮ, ಈಗ ನನ್ನ ವಿಷಯ ತಿಳಿಯಬೇಕಾದರೆ ಟೀವಿ ಹಾಕುತ್ತಾರೆ. ನಾನು ಪಕ್ಕದಲ್ಲೇ ಕೂತಿರುತ್ತೇನೆ. ಇದನ್ನು ಬರೆಯುವಾಗ ನನಗೆ ವ್ಯಂಗ್ಯ ಮಾಡಲು ಬರುತ್ತಿಲ್ಲ, ಅಳು ಬರುತ್ತಿದೆ. ಕಿಟಕಿ ಹಾಕಿದೆ, ಕ್ಷಮಿಸಬೇಕು.

ನನಗೆ ಬೇಕಾಗಿದ್ದುದು ಇಷ್ಟೇ: ಗಂಡನನ್ನು ಎದುರಿಗೆ ಕೂರಿಸಿಕೊಂಡು, ಯಾರ ಕಿವಿಗೂ ಬೀಳದಂತೆ ಬಾಯಿ ತುಂಬ ಬೈದು, ಅವರು ಹೇಳುವುದನ್ನು ಪೂರ್ತಿ ಕೇಳಿ, ಇರಬೇಕೋ ಬಿಡಬೇಕೋ ಎಂದು ನಾನೇ ತೀರ್ಮಾನಿಸುವುದು. ಅದಕ್ಕೆ ನಮ್ಮವರದ್ದೇ ಒಂದು ಅಡ್ಡಿಯಿತ್ತು. ನಮ್ಮಲ್ಲಿ ಗಂಡ ಹೆಂಡತಿ ಮುರಿದುಕೊಂಡರೆ ಎರಡೂ ಕಡೆಯ ಹಿರಿಯರು ಕೂತು ಮಾತಾಡಬೇಕು, ಅಲ್ಲಿಯವರೆಗೆ ಅವರಿಬ್ಬರೂ ಮುಖ ನೋಡುವಂತಿಲ್ಲ. ಹಿರಿಯರೋ, ಇದು ಆಷಾಢ, ಕೂಡಿಸುವ ಮಾತಾಗಲಿ ಬಿಡಿಸುವ ಮಾತಾಗಲಿ ಈ ತಿಂಗಳು ಆಡುವುದಿಲ್ಲ ಎಂದರು. ನಮ್ಮ ದೊಡ್ಡಪ್ಪ ರಾಮಾಂಜಿನಪ್ಪನವರು, ಶ್ರಾವಣ ಹುಟ್ಟಲಿ, ಆಮೇಲೆ ನೋಡೋಣ ಎಂದು ಹೇಳಿ ಟವೆಲ್ ಕೊಡವಿಕೊಂಡು ಎದ್ದರು. ಆಷಾಢ ನಮ್ಮ ಹಿರಿಯರಿಗೆ ಮಾತ್ರ ಬಂದಿತ್ತು, ತಮ್ಮ ವಾಹಿನಿಗೆ ಬಂದಿರಲಿಲ್ಲ.

ಶ್ರಾವಣದವರೆಗೆ ತಡೆಯಲಾರದೆ ಒಂದು ಬೆಳಿಗ್ಗೆ ನಾನು ತಂಗಿ ಸೌಂದರ್ಯಾಳ ಸ್ಕೂಟರ್ ತೆಗೆದುಕೊಂಡು, ಧೂಳಿಗೆ ಎಲ್ಲ ಹುಡುಗಿಯರೂ ಸುತ್ತಿಕೊಳ್ಳುವಂತೆ ಮುಖಕ್ಕೆ ದುಪಟ್ಟಾ ಸುತ್ತಿ, ಮೇಲೆ ಹೆಲ್ಮೆಟ್ ಹಾಕಿಕೊಂಡು ಹೊರಟೆ. ತಮ್ಮ ಕಣ್ಣೆದುರಿಗೇ ಹೋದೆ, ಸೌಂದರ್ಯಾ ಆಫೀಸಿಗೆ ಹೊರಟಳೆಂದು ತಾವು ಆಕಳಿಸಿದಿರಿ. ಫೋನಿನಲ್ಲಿ ಗೊತ್ತುಮಾಡಿಕೊಂಡಂತೆ ಹಲಸೂರು ಕೆರೆಯ ಹತ್ತಿರ ನನ್ನ ಗಂಡ ಕಾಯುತ್ತಿದ್ದರು. ಹೆಲ್ಮೆಟ್ ತೆಗೆದೆ, ದುಪಟ್ಟಾ ತೆಗೆಯಲಿಲ್ಲ. ಬೈಯಬೇಕೆಂದು ಹೋದವಳು ಅವರ ಮುಖ ನೋಡಿ ಒಂದೇ ಮಾತು ಕೇಳಿದೆ.

"ನಂಗ್ಯಾಕೆ ಹೇಳ್ಲಿಲ್ಲ ನೀವು? ಟೀವೀಲಿ ನೋಡಿ ತಿಳ್ಕೋಬೇಕಿತ್ತಾ ನಾನು?"

"ಹೇಳ್ತೀನಿ ಕಣೇ, ಒಂದೂ ಮುಚ್ಚಿಡಲ್ಲ," ಎಂದರು. "ಬೈಬೇಡ ಅನ್ನಲ್ಲ. ಪೂರ್ತಿ ಕೇಳಿಸ್ಕೊ, ಅಷ್ಟೇ."

ಅಷ್ಟರಲ್ಲಿ ತಮ್ಮ ಸಂಬಂಧಿಕರಾದ ಮೊಬೈಲ್ ಕ್ಯಾಮೆರಾದವರು ಮರದ ಹಿಂದಿನಿಂದ ದರ್ಶನ ಕೊಟ್ಟರು. ನನ್ನ ಗಂಡ ಒಂದು ಕಡೆ ಓಡಿದರು, ನಾನು ಸ್ಕೂಟರಿನ ಕಡೆ ಓಡಿದೆ. ಸಂಜೆ ತಮ್ಮ ವಾಹಿನಿಯಲ್ಲಿ, 'ಕೆಂಪರಾಜ್ ಬದುಕಿನಲ್ಲಿ ಇನ್ನೊಬ್ಬಳು! ಯಾರೀ ಮುಸುಕಿನ ಸುಂದರಿ?' ಎಂದು ಬಂತು. ಸುಂದರಿ ಎಂದದ್ದಕ್ಕೆ ಧನ್ಯವಾದ. ಕುಕ್ಕರಿನ ಜಾಹೀರಾತಿನವರೂ ಅಷ್ಟು ಹೇಳಿರಲಿಲ್ಲ.

ಆ ಕಾರ್ಯಕ್ರಮವನ್ನು ಕಗ್ಗದಾಸಪುರದಲ್ಲಿ ನಮ್ಮ ಅತ್ತೆ ಪಟಾಲಮ್ಮನವರೂ ನೋಡಿದರು. ಮೊದಲ ತಪ್ಪಿಗೇ ಮಗನ ಮೇಲೆ ಕುದಿಯುತ್ತಿದ್ದವರು, ಎರಡನೆಯವಳು ಎಂದ ಕೂಡಲೇ ಮಗನಿಗೆ ಬಡಿಸಿದ್ದ ತಟ್ಟೆಯನ್ನು ಎಳೆದುಕೊಂಡು, ಸೀರೆಗಳನ್ನು ಚೀಲಕ್ಕೆ ತುಂಬಿ, ಕೆ.ಆರ್. ಪುರದ ತಂಗಿಯ ಮನೆಗೆ ಹೊರಟುಹೋದರು. ಅಲ್ಲಿಂದ ನನಗೆ ಫೋನ್ ಮಾಡಿ, ಇವನಿಗೆ ಬುದ್ಧಿ ಬರುವುದಿಲ್ಲ, ನೀನು ವಾಪಸ್ ಬರಲೇಬೇಡ, ನಿನ್ನ ಜೊತೆ ನಾನಿರುತ್ತೇನೆ ಎಂದು ಅತ್ತರು. ಅದು ನಾನೇ, ಅತ್ತೆ, ಎನ್ನಲು ಬಾಯಿ ತೆರೆದೆ. ಹಿರಿಯರ ಮಾತು ಮೀರಿ ಕದ್ದು ಹೋಗಿದ್ದೆನೆಂದರೆ ದೊಡ್ಡಪ್ಪ ಶ್ರಾವಣದಲ್ಲೂ ಕೂರುವುದಿಲ್ಲ ಎನ್ನುವುದು ನೆನಪಾಗಿ ಬಾಯಿ ಮುಚ್ಚಿಕೊಂಡೆ. ಮಾಡಿದ ತಪ್ಪಿಗೆ ನನ್ನ ಗಂಡ ಬೈಸಿಕೊಳ್ಳಲಿ, ಅದು ನ್ಯಾಯ. ಹೆಂಡತಿಯ ಎದುರು ಕೂತು ಮಾತಾಡಲು ಬಂದ ತಪ್ಪಿಗೂ ಅವರು ತಾಯಿಯನ್ನು ಕಳೆದುಕೊಳ್ಳುವುದು ನನ್ನಿಂದ ನೋಡಲಾಗಲಿಲ್ಲ. ಅವರ ವಕೀಲರಂತೂ ಇನ್ನು ಯಾರೊಡನೆಯೂ ತುಟಿ ಬಿಚ್ಚಬೇಡಿ ಎಂದಿದ್ದಾರಂತೆ. ಕೆರೆಯ ಹತ್ತಿರ ಅವರು ಹೇಳಲು ಹೊರಟ ಮಾತು ಅಲ್ಲಿಯೇ ನಿಂತಿದೆ.

ಆದ್ದರಿಂದ, ಕ್ಯಾಮೆರಾ ಮಹಾಶಯರೇ, ದೊಡ್ಡಪ್ಪನವರಿಗೂ ಅತ್ತೆಗೂ ಸಮಸ್ತ ವೀಕ್ಷಕ ಬಂಧುಗಳಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಆ ಮುಸುಕಿನ ಸುಂದರಿ ಕಟ್ಟಿಕೊಂಡ ಹೆಂಡತಿಯಾದ ನಾನೇ. ಗಂಡನ ಜೊತೆ ಸಿಕ್ಕಿಬಿದ್ದಿದ್ದೇನೆ, ಏನು ಶಿಕ್ಷೆ ಕೊಡುತ್ತೀರೋ ಕೊಡಿ. ತಮ್ಮಲ್ಲಿ ನನ್ನ ಬೇಡಿಕೆ ಒಂದೇ. ತಾವು ಒಂದು ಮಧ್ಯಾಹ್ನದ ಮಟ್ಟಿಗೆ ಮೂತಿಯನ್ನು ಆಕಾಶದ ಕಡೆ ತಿರುಗಿಸಿ, ಗಿಡುಗ ಪಾರಿವಾಳಗಳ ಖಾಸಗಿ ಬದುಕನ್ನು ಚಿತ್ರೀಕರಿಸಿಕೊಳ್ಳಿ. ಅಷ್ಟರಲ್ಲಿ ನಾನು ನನ್ನ ಗಂಡನ ಜೊತೆ ಜಗಳವಾಡಿ ಬರುತ್ತೇನೆ.

ತಮ್ಮ ದೃಷ್ಟಿಯಿಂದ ಎಂದೂ ದೂರವಾಗದ,
ತಮ್ಮ ವಿಶ್ವಾಸಿ,
ಯಮುನಾ
ಜೋಗುಪಾಳ್ಯ

ಮರೆಯಬಾರದ ಇನ್ನೊಂದು ಮಾತು: ಈ ಪತ್ರವನ್ನು ತಮಗೆ ಕಳಿಸುವ ಮೊದಲು, ನನ್ನ ಬಾಯಿಂದಲೇ ತಿಳಿಯಲಿ ಎಂದು, ಅತ್ತೆಗೆ ಫೋನಿನಲ್ಲಿ ಓದಿ ಹೇಳಿದೆ. ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ, "ಆ ಕ್ಯಾಮೆರಾನ ಯಾಕಮ್ಮಾ ಬೇಡ್ಕೊಂತೀಯ? ಭಾನುವಾರ ಇಲ್ಲಿ ಮೈದಾನದಾಗೆ ಹೆಣ್ಮಕ್ಳ ಕಬಡ್ಡಿ ಐತೆ, ಇಬ್ರೂ ಬಂದು ಕೂತ್ಕಳಿ. ಆಟ ನಡೆಯೋ ತಾವಿಕೆ ಆ ಟೀವಿಯೋರು ಯಾವತ್ತು ಬಂದವ್ರೆ?" ಎಂದರು. ಹೋದೆವು. ತಮ್ಮ ಗಲ್ಲಿ ದಾಟುವವರೆಗೆ ನಾನು ಮತ್ತೆ ಸೌಂದರ್ಯಾಳಾಗಿದ್ದೆ; ಮೈದಾನದಲ್ಲಿ ನನ್ನ ಗಂಡ ಮುಖ ಮರೆಸುವ ಟೋಪಿ ಹಾಕಿರಲಿಲ್ಲ, ನಾನು ದುಪಟ್ಟಾ ಸುತ್ತಿರಲಿಲ್ಲ. ಆಡುವ ಹುಡುಗಿಯರ ತಾಯಂದಿರು ಗುರುತು ಹಿಡಿದು ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಸ್ವಲ್ಪ ಸರಿದು ಜಾಗ ಬಿಟ್ಟು, ಮತ್ತೆ ತಮ್ಮ ಮಕ್ಕಳ ಆಟದ ಕಡೆ ತಿರುಗಿದರು. ಬೆಳಗಿನಿಂದ ಸಂಜೆಯವರೆಗೆ ನಾನು ಮನಸಾರೆ ಜಗಳವಾಡಿದೆ. ಅವರು ಪೂರ್ತಿ ಹೇಳಿದರು, ನಾನು ಪೂರ್ತಿ ಕೇಳಿದೆ, ಇಬ್ಬರೂ ಅತ್ತೆವು, ಕೊನೆಗೆ ನಾನೇ ಒಂದು ತೀರ್ಮಾನಕ್ಕೆ ಬಂದೆ. ಇಡೀ ದಿನ ಅಲ್ಲಿ ತಮ್ಮ ಕುಲದವರು ಒಬ್ಬರೂ ಕಾಣಲಿಲ್ಲವಾದ್ದರಿಂದ, ಫಲಿತಾಂಶ ಬೇಕಿದ್ದರೆ ಬರೆದು ಕೇಳಿ, ಸಂತೋಷದಿಂದ ತಿಳಿಸುತ್ತೇನೆ. ಕಬಡ್ಡಿಯದ್ದು.