ಗೌಡರು ಕೊಂಡ ದುರ್ಬೀನು

ಹಾಸನದ ಬಸ್ ನಿಲ್ದಾಣದ ಹತ್ತಿರ ಫೋಟೋ ಸ್ಟುಡಿಯೋ ಇಟ್ಟುಕೊಂಡ ನನ್ನಂಥವನಿಗೆ ಇಂಥ ತಮಾಷೆಗಳು ಆಗುತ್ತಲೇ ಇರುತ್ತವೆ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ದುರ್ಬೀನುಗಳನ್ನು ತಂದು ಮಾರಲು ಇಟ್ಟಿದ್ದೇ ಎಲ್ಲಕ್ಕೂ ಮೂಲ. ಅರಕಲಗೂಡಿನ ಹೊಗೆಸೊಪ್ಪಿನ ಸಾಹುಕಾರರು ಕೂಲಿಯವರು ತೂಕಡಿಸುತ್ತಾರೋ ಎಂದು ನೋಡಲು ಒಂದನ್ನು ಕೊಂಡು, ಅದನ್ನು ಕಣ್ಣಿಗೆ ಹಿಡಿದುಕೊಂಡೇ ತಾವು ಗೊರಕೆ ಹೊಡೆದರಂತೆ. ಹೊಳೆನರಸೀಪುರದವರೊಬ್ಬರು ಅದನ್ನು ಹಿಂದುಮುಂದಾಗಿ ಹಿಡಿದು ಪಕ್ಕದ ಮನೆಯ ದಾಯಾದಿಯನ್ನು ನೋಡಿ, "ಎಷ್ಟು ದೂರ ಹೋಗ್ಬುಟ್ಟ ಸಾ! ನಂಗೆ ಇದೇ ಬೇಕಾಗಿತ್ತು" ಎಂದರು.

ಇವರನ್ನೆಲ್ಲ ನೆನೆದು ಈಗಲೂ ನಗುತ್ತೇನೆ. ಚನ್ನರಾಯಪಟ್ಟಣದ ಕಡೆಯ ಗೌಡರೊಬ್ಬರನ್ನು ನೆನೆದರೆ ಮಾತ್ರ ನಗು ಅರ್ಧಕ್ಕೇ ನಿಂತುಬಿಡುತ್ತದೆ.

೧. ಮರಕ್ಕೆ ಕಟ್ಟುವ ಕ್ಯಾಮರಾ

ಗೌಡರ ತೆಂಗಿನ ತೋಟದಲ್ಲಿ ಕಾಯಿ ಕಳುವಾಗುತ್ತಿತ್ತು. ಅದೂ ಅವರು ಸಂತೆಗೆ ಹೋದ ದಿನವೇ. ಅಂಗಡಿಗೆ ಬಂದವರೇ ಟವಲ್ಲು ಕೊಡವಿ ಕೂತರು.

"ಕಳ್ಳ ಬಂದ ಏಟ್ಗೆ ತಾನೇ ಪಟ ಇಡ್ಕಳ್ಳೋ ಕ್ಯಾಮರಾ ಕೊಡಪ್ಪ. ಮರಕ್ಕೆ ಕಟ್ಬುಡ್ತೀನಿ."

"ಅಂಥದ್ದು ಇನ್ನೂ ಹುಟ್ಟಿಲ್ಲ ಗೌಡ್ರೇ. ಗುಂಡಿ ಒತ್ತೋಕೆ ಮನುಷ್ಯ ಬೇಕು."

"ಮರದ ಮ್ಯಾಲೆ ಮನ್ಸನ್ನ ಕೂರ್ಸುದ್ರೆ ಅವ್ನೇ ಕಾಯಿ ಕೀಳ್ತಾನೆ."

"ಕಳ್ಳನೂ ಅಲ್ಲಾಡದೆ ನಿಲ್ಲಬೇಕು. ಮುಖದ ಮೇಲೆ ಬಿಸಿಲು ಬೀಳಬೇಕು."

ಗೌಡರು ಸ್ವಲ್ಪ ಯೋಚಿಸಿದರು. "ಅಷ್ಟು ಮಾತು ಕೇಳೋನಾಗಿದ್ರೆ ಅವ್ನ್ಯಾಕಪ್ಪಾ ಕಳ್ಳ ಆಗೋನು?"

೨. ದೊಡ್ಡದೋ, ಚಿಕ್ಕದೋ

ಕೊನೆಗೆ ದುರ್ಬೀನೇ ಸರಿ ಎಂದಾಯಿತು. ಅವರನ್ನು ಮಹಡಿಗೆ ಕರೆದುಕೊಂಡು ಹೋಗಿ ಎರಡನ್ನು ಕೈಗಿತ್ತೆ. ಚಿಕ್ಕದರಲ್ಲಿ ತೋಟದ ಬೇಲಿಯೆಲ್ಲ ಒಟ್ಟಿಗೆ ಕಾಣುತ್ತದೆ, ಮುಖ ಮಾತ್ರ ತಿಳಿಯುವುದಿಲ್ಲ. ದೊಡ್ಡದರಲ್ಲಿ ಮುಖ ಹತ್ತಿರ ಬರುತ್ತದೆ, ಆದರೆ ಕೈ ನಡುಗಿದರೆ ಇಡೀ ತೋಟವೇ ನಡುಗುತ್ತದೆ. ಇಷ್ಟನ್ನೂ ಬಿಡಿಸಿ ಹೇಳಿದೆ.

"ಚಿಕ್ಕದೇ ಸಾಕು. ಕಳ್ಳನ ಮುಖ ಕಟ್ಕಂಡು ನಂಗೇನು, ಎಣ್ಣು ನೋಡಕ್ಕೆ ಓಯ್ತಿದೀನಾ?"

೩. ಕಳ್ಳ ಸಿಕ್ಕಿದ್ದು

ಮತ್ತೆ ಬಂದಾಗ ಗೌಡರ ದನಿ ಇಳಿದಿತ್ತು. ಸಂತೆಗೆ ಹೋಗುತ್ತೇನೆಂದು ಹೇಳಿ, ಹಿಂದಿನಿಂದ ಬಂದು ಕೊಟ್ಟಿಗೆಯ ಅಟ್ಟ ಹತ್ತಿ ಹುಲ್ಲಿನಲ್ಲಿ ಅಡಗಿ ಕೂತಿದ್ದರಂತೆ. ಮಡಿಲಲ್ಲಿ ಕಾಯಿ ತುಂಬಿಕೊಂಡು ಬೇಲಿಯ ಕಡೆ ನಡೆದವಳು ಅವರ ಹೆಂಡತಿಯೇ. ಬೇಲಿಯಾಚೆ ನಿಂತು ಕಾಯಿ ಇಸಕೊಂಡವಳು ಮಗಳು. ಮುಖ ತಿಳಿಯದಿದ್ದರೂ ನಿಲುವಿನಲ್ಲೇ ಗುರುತಾಯಿತಂತೆ.

ಆ ಮಗಳು ಬೇರೆ ಜಾತಿಯ ಓವರ್‌ಸಿಯರ್ ಒಬ್ಬನನ್ನು ರಿಜಿಸ್ಟರ್ ಮದುವೆಯಾಗಿ ಚನ್ನರಾಯಪಟ್ಟಣದಲ್ಲೇ ಮನೆ ಮಾಡಿದ್ದಳು. ಗೌಡರು ಅವಳಿಗೆ ಎಳ್ಳುನೀರು ಬಿಟ್ಟು, ಇನ್ನು ಈ ಕಣ್ಣಿಂದ ಅವಳನ್ನು ನೋಡುವುದಿಲ್ಲ ಎಂದು ಮನೆದೇವರ ಮೇಲೆ ಆಣೆ ಇಟ್ಟಿದ್ದರು.

"ಇಬ್ಬರನ್ನೂ ಹಿಡಿದ್ರಾ ಗೌಡ್ರೇ?"

"ಎಂಗಪ್ಪಾ ಇಡೀಲಿ? ಅವ್ಳ ಕಂಕುಳಲ್ಲಿ ಮಗು ಐತೆ." ಚಿಕ್ಕ ದುರ್ಬೀನನ್ನು ನನ್ನ ಮುಂದಿಟ್ಟರು. "ಆ ದೊಡ್ಡದು ಕೊಡು. ಮಗೀನ ಮೂಗು ಯಾರ್ದು ಅಂತ ಇದ್ರಾಗೆ ತಿಳೀನಿಲ್ಲ."

ಕೊಡುತ್ತಾ ಆಣೆಯ ಮಾತೆತ್ತಿದೆ. ಗೌಡರು ಅದಕ್ಕೂ ಸಿದ್ಧವಾಗಿಯೇ ಬಂದಿದ್ದರು.

"ಕಣ್ಣಿಂದ ನೋಡಲ್ಲ ಅಂತ ತಾನೇ ಆಣೆ ಇಟ್ಟಿದ್ದು? ನೋಡೋದು ಗಾಜು. ನಾನು ಅದ್ರ ಇಂದೆ ಕೂತಿರ್ತೀನಿ, ಅಷ್ಟೆ."

೪. ಗೌಡ್ತಿಯ ಅನುಮಾನ

ಕೆಲವು ವಾರದ ನಂತರ ಹೆಂಗಸೊಬ್ಬರು ಬಂದು, "ದೂರದ ಗಾಜು ಮಾರೋ ಅಂಗ್ಡಿ ಇದೇಯೇನಪ್ಪಾ?" ಎಂದರು. ಗೌಡರ ಹೆಂಡತಿ.

"ಸಂತೆಗೋದೋರು ವಾರ ವಾರಾನೂ ತಲೇಲಿ ಹುಲ್ಲು ಸಿಕ್ಕಿಸ್ಕಂಡು ಬತ್ತಾರಾ? ಅಟ್ಟ ಅತ್ತಿ ನೋಡುದ್ರೆ ಆ ಗಾಜು ಸಿಕ್ತು. ಅಲ್ಲಪ್ಪಾ, ನಾವು ಬೇಲಿ ತಾವ ನಿಂತ್ರೆ ಮಗೀನ ಮುಖ ಅವ್ರಿಗೆ ಸರ್ಯಾಗಿ ಕಾಣ್ತದಾ? ಇನ್ನೊಂಚೂರು ಈಚೆಗೆ ಬರ್ಬೇಕಾ?"

ಕಸುಬಿನವನ ಹಾಗೆ ಹೇಳಿದೆ: ಮುಖಕ್ಕೆ ಬಿಸಿಲು ಬೀಳಬೇಕು, ಮಗು ಅಲ್ಲಾಡಬಾರದು.

"ಬೆಲ್ಲ ಕೊಟ್ಟು ನಿಲ್ಲಿಸ್ತೀನಿ ಬುಡು."

"ಮಗೂನ ಸೀದಾ ಮನೆಗೇ ಕರೆದುಕೊಂಡು ಹೋಗಬಾರದಾ ಅಮ್ಮಾ?"

"ಅವ್ರಾಗವ್ರೇ ಕರೀಬೇಕಲ್ಲಪ್ಪಾ. ಅಲ್ಲೀಗಂಟ ನಾನು ಕದೀತಿರ್ಬೇಕು, ಅವ್ರು ಕಾಯ್ತಿರ್ಬೇಕು." ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. "ಮಗಳು ಸಾಕು ಬುಡವ್ವಾ ಅಂತಾಳೆ. ಅವ್ಳ ಮನೇಲಿ ಕಾಲಿಡಕ್ಕೆ ಜಾಗ ಇಲ್ಲ, ಬರೀ ಕಾಯಿ!"

೫. ಕಳ್ಳರಿಲ್ಲದ ತೋಟ

ಕೊನೆಯ ಸಲ ಬಂದಾಗ ಗೌಡರು ಸೊರಗಿದ್ದರು. ದೊಡ್ಡ ದುರ್ಬೀನನ್ನು ಟವಲ್ಲಿನಿಂದ ಬಿಚ್ಚಿ ಮೇಜಿನ ಮೇಲಿಟ್ಟರು.

"ಕೆಟ್ಟಿದೆಯಾ ಗೌಡ್ರೇ?"

"ಗಾಜು ಚೆಂದಾಗೈತೆ. ಕಳ್ರೇ ಬತ್ತಿಲ್ಲ ಕಣಪ್ಪ."

ಅಳಿಯನಿಗೆ ಬೀದರಿಗೆ ವರ್ಗವಾಗಿತ್ತು. ಹೊರಡುವ ದಿನ ಮಗಳು ಮಗುವನ್ನೆತ್ತಿಕೊಂಡು ಬೇಲಿಯ ಹತ್ತಿರ ಬಂದು ಬಹಳ ಹೊತ್ತು ನಿಂತಿದ್ದಳಂತೆ. ಅಟ್ಟದ ಕಡೆಗೇ ನೋಡುತ್ತಿದ್ದಳಂತೆ.

"ಮೂಗು ನಂದೇ ಕಣಪ್ಪ. ಅಚ್ಚು ಒತ್ತಿದಂಗೈತೆ."

"ಒಂದು ಸಲ ಕೂಗಬಾರದಿತ್ತಾ? ಕೇಳಿಸ್ತಿತ್ತಲ್ಲ."

"ಕೇಳ್ಸೋದು. ಕೈ ನಡುಗ್ತಿತ್ತು. ಅವ್ಳೂ ನಡುಗ್ದಂಗೆ ಕಾಣ್ತಿದ್ಲು. ಎಲ್ಲಿ ತಪ್ಪೋಯ್ತಾರೋ ಅಂತ ಎರಡೂ ಕೈಲಿ ಇದ್ನೇ ಇಡ್ಕಂಡಿದ್ದೆ. ಬುಟ್ಟು ನೋಡೋ ಒತ್ಗೆ ಬೇಲಿ ತಾವ ಯಾರೂ ಇರ್ನಿಲ್ಲ."

ಗೌಡರು ಗಾಜಿನ ಮೇಲಿದ್ದ ಹುಲ್ಲಿನ ಚೂರನ್ನು ಉಗುರಿನಿಂದ ತೆಗೆದರು. ಆಮೇಲೆ ಯಾರಾದರೂ ಕೇಳಿಸಿಕೊಂಡಾರೆಂಬಂತೆ ದನಿ ತಗ್ಗಿಸಿ ಕೇಳಿದರು: "ಬೀದರ್ ಕಾಣೋ ಅಂಥಾದ್ದು ಯಾವ್ದಾರಾ ಬಂದೈತಾ?"

"ಬೀದರಿಗೆ ದುರ್ಬೀನು ಯಾಕೆ ಗೌಡ್ರೇ? ಬಸ್ಸಿದೆ, ರೈಲಿದೆ. ಹತ್ತಿ ಕೂತರೆ ಅವರ ಬಾಗಿಲಿಗೇ ಹೋಗಬಹುದು."

ಗೌಡರು ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದರು.

"ಬಾಗ್ಲಿಗೋದ್ರೆ ಕಣ್ಣಲ್ಲೇ ನೋಡ್ಬೇಕಾಯ್ತದಲ್ಲಪ್ಪಾ!"